ಬಲೆಯ ಮೇಲೊಂದು ಸೂರು

ಬೆಳಕು ಹರಿಯುವ ಹೊತ್ತಿಗೆ ಬಲೆಯಕ್ಕ ತಾರಸಿಯಲ್ಲಿದ್ದಾಳೆ. ಆಳೆತ್ತರದ ಪಂಜರದ ಮೇಲೆ ನಿನ್ನೆ ಹೊದಿಸಿದ ಶೀಟಿನ ಅಂಚನ್ನು ಬೆರಳಿನಿಂದ ತಡವುತ್ತಿದ್ದಾಳೆ. ಆಚೆ ಗೋಡೆಯ ಮೇಲೆ ಪಾರಿವಾಳಗಳು ಸಾಲಾಗಿ ಬಂದು ಕೂರುತ್ತವೆ. "ಬಂದ್ರಪ್ಪ ಸಾಹೇಬ್ರು, ತಪಾಸಣೆಗೆ," ಎಂದು ಅತ್ತ ತಿರುಗದೆಯೇ ಗೊಣಗುತ್ತಾಳೆ.

ಸಾಕುಹಕ್ಕಿಗಳ ಗೂಡಿಗೆ ಬಲೆ ಬಿಗಿಯುವುದು ಹದಿನಾಲ್ಕು ವರ್ಷಗಳಿಂದ ಅವಳ ಕಸುಬು. ಗಂಟು ಹಾಕಲು ಕಲಿಸಿದ್ದು ಅಪ್ಪ; ಏಣಿ ಹತ್ತಲು ಕಲಿಸಿದ್ದು ಗಂಡನ ಸೊಂಟನೋವು. ಹೊರಗಿನ ಹಕ್ಕಿಗಳಲ್ಲಿ ರೋಗ ಕಾಣಿಸಿಕೊಂಡರೆ ವಾರಕ್ಕೆ ಆರು ಮನೆ, ಇಲ್ಲದಿದ್ದರೆ ಎರಡು. ಒಂದು ಮನೆಯ ಸೋಂಕು ಇನ್ನೊಂದಕ್ಕೆ ಹೋಗದಂತೆ ಪ್ರತಿ ಸಲವೂ ಚಪ್ಪಲಿ ತೊಳೆದು, ಸೀರೆ ಬದಲಿಸುತ್ತಾಳೆ.

ಆದರೆ ಈ ಮನೆಯ ಮೆಟ್ಟಿಲನ್ನು ಅವಳು ನಿಂತು ನಿಂತು ಹತ್ತಿದ್ದಾಳೆ. ಒಂಬತ್ತು ವರ್ಷದ ಹಿಂದೆ ಇಲ್ಲಿ ಬಲೆಯನ್ನಷ್ಟೇ ಬಿಗಿದು ಹೋಗಿದ್ದಳು. ಹೊರಗಿನ ಹಕ್ಕಿ ಒಳಗೆ ಬರಲಿಲ್ಲ. ಮೇಲೆ ಕೂತು ಹಾಕಿದ ಹಿಕ್ಕೆ ಬಲೆಯ ಕಣ್ಣಿನಿಂದ ಇಳಿದು ಕಾಳಿನ ಬಟ್ಟಲಿಗೆ ಬಿತ್ತು. ನಾಲ್ಕೇ ದಿನದಲ್ಲಿ ಹನ್ನೊಂದು ಲವ್‌ಬರ್ಡ್‌ಗಳು ಸತ್ತವು.

"ಟೀಚರಮ್ಮ ಬೈಯಲೇ ಇಲ್ಲ. ಬೈದಿದ್ರೆ ಯಾವತ್ತೋ ಮರ್ತುಬಿಡ್ತಿದ್ದೆ," ಎನ್ನುತ್ತಾಳೆ. ಅಂದಿನಿಂದ ಬಲೆಯ ಮೇಲೆ ಶೀಟಿನ ಸೂರು ಹೊದಿಸದೆ ಅವಳು ಯಾವ ಗೂಡನ್ನೂ ಬಿಟ್ಟು ಬಂದಿಲ್ಲ.

ಈ ಮನೆಯೊಡತಿ, ನಿವೃತ್ತ ಶಿಕ್ಷಕಿಯಾದ ಆ ಟೀಚರಮ್ಮ ಅಷ್ಟೂ ವರ್ಷ ಪಂಜರವನ್ನು ಖಾಲಿ ಬಿಟ್ಟಿದ್ದರು. ಈಗ ಎರಡು ಹಕ್ಕಿ ತಂದಿದ್ದಾರೆ. ಅವು ಕೆಳಗೆ ಅಡುಗೆಮನೆಯಲ್ಲಿ ಬುಟ್ಟಿಯೊಳಗೆ ಕಾಯುತ್ತಿವೆ. ಕೆಲಸಕ್ಕೆ ಬೇರೆ ಯಾರನ್ನೂ ಹುಡುಕದೆ ಇವಳನ್ನೇ ಕರೆಸಿದ್ದಾರೆ.

"ನನ್ನನ್ನೇ ಯಾಕೆ ಕರೆದ್ರಿ?" ಎಂದು ತಾರಸಿಗೆ ಬಂದ ಟೀಚರಮ್ಮನನ್ನು ಇವಳು ಕೇಳಿಯೇಬಿಡುತ್ತಾಳೆ.

"ತಪ್ಪು ಎಲ್ಲಾಯ್ತು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತೇ?"

ಬಲೆಯಕ್ಕ ಪಂಜರದೊಳಗೆ ಹೊಕ್ಕು, ನೆಲದ ತುಂಬ ಹಳೆಯ ಪತ್ರಿಕೆ ಹಾಸಿ, ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂರುತ್ತಾಳೆ. ಟೀಚರಮ್ಮ ಹೊರಗಿನಿಂದ ಪೈಪು ಎತ್ತಿ ಸೂರಿನ ಮೇಲೆ ನೀರು ಬಿಡುತ್ತಾರೆ. ಮೂಲೆಯಲ್ಲಿ ಒಂದು ಹನಿ. ಪತ್ರಿಕೆಯ ಮೇಲೆ ಕಾಸಗಲದ ಕಲೆ. ಬಲೆಯಕ್ಕನ ಮುಖ ಇಳಿದುಹೋಗುತ್ತದೆ. ಎದ್ದು ಹೋಗಿ ಅಂಚಿಗೆ ಅಂಟು ಮೆತ್ತುತ್ತಾಳೆ, ಒಣಗುವವರೆಗೆ ಕಾಯುತ್ತಾಳೆ, ಹೊಸ ಪತ್ರಿಕೆ ಹಾಸುತ್ತಾಳೆ.

ಮತ್ತೆ ನೀರು. ಈ ಸಲ ಒಂದು ಹನಿಯೂ ಇಲ್ಲ.

"ಸಾಕು ಕಣೇ, ತಾರಸಿಯೆಲ್ಲ ಕೆರೆ ಆಯ್ತು!"

"ನಿಮಗೆ ಸಾಕಾದ್ರೆ ಸಾಲದು ಟೀಚರಮ್ಮ," ಒಳಗಿನಿಂದ ಬಲೆಯಕ್ಕ ಹೇಳುತ್ತಾಳೆ, ಒದ್ದೆಯಾಗದ ಪತ್ರಿಕೆಯ ಮೇಲೆ ಅಂಗೈ ಊರಿ. "ನನಗೂ ಸಾಕಾಗ್ಬೇಕು. ಬಿಡಿ ನೀರು."