ನಾನು ಬಿದ್ದ ಎತ್ತರ

ಬಿದ್ದು ಎದ್ದು ಬಂದವನಿಗೆ ಅದನ್ನು ಹೇಳಿಕೊಂಡು ತಿರುಗುವುದರಲ್ಲಿ ಒಂದು ಸುಖ ಇರುತ್ತದೆ. ನನಗೆ ಅದು ಸ್ವಲ್ಪ ಜಾಸ್ತಿಯೇ ಇತ್ತು. ಚಾಮರಾಜಪೇಟೆಯ ಶಾಮಿಯಾನ ಅಂಗಡಿಯೊಂದರಲ್ಲಿ ನನ್ನ ಕೆಲಸ. ಶಂಕರಪುರಂನ ಛತ್ರದ ಮುಂದೆ ಮದುವೆ ಚಪ್ಪರ ಕಟ್ಟುವಾಗ ಏಣಿ ಜಾರಿತು, ಬಿದ್ದೆ, ಕೈ ಮುರಿಯಿತು. ನಡೆದದ್ದು ಇಷ್ಟೇ. ಇಷ್ಟನ್ನೇ ಹೇಳಿದರೆ ಯಾರು ಟೀ ಕೊಡಿಸುತ್ತಾರೆ? ಶ್ರೀರಾಂಪುರದ ನಮ್ಮ ಗಲ್ಲಿಯಲ್ಲಿ ಹೇಳುವಾಗ ಆಳೆತ್ತರದಿಂದ ಬಿದ್ದಿದ್ದೆ. ಮಾವಳ್ಳಿಯ ಅಕ್ಕನ ಮನೆ ತಲುಪುವಷ್ಟರಲ್ಲಿ ಅದು ಒಂದನೇ ಮಹಡಿಯಾಗಿತ್ತು. ಕೈಯ ಕಟ್ಟು ಬಿಚ್ಚುವ ಹೊತ್ತಿಗೆ ತೆಂಗಿನ ಮರ.

ಕೇಳಿದವರು ಮರೆತರು, ಹೇಳಿದ ನಾನು ನಂಬಿಬಿಟ್ಟೆ. ಕೆಲಸಕ್ಕೆ ವಾಪಸ್ ಹೋದರೆ ಎರಡನೇ ಮೆಟ್ಟಿಲಿಗೇ ಕಾಲು ನಡುಕ. ಏಣಿ ಹತ್ತದ ಶಾಮಿಯಾನದವನೆಂದರೆ ಕತ್ತರಿಗೆ ಹೆದರುವ ದರ್ಜಿ ಇದ್ದ ಹಾಗೆ. ಓನರ್ ನಾಗಣ್ಣ ನೇರವಾಗಿ ಹೇಳಿದರು: "ಗಣಪತಿ ಹಬ್ಬದವರೆಗೂ ನೋಡ್ತೀನಿ. ಹತ್ತಿದ್ರೆ ಹತ್ತು, ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೊ."

ನಾನು ಬಿದ್ದ ಜಾಗದ ಮಣ್ಣು ತಂದು ಅಮ್ಮ ನೀವಾಳಿಸಿದಳು. ಗುಣ ಕಾಣಲಿಲ್ಲ. ಬಿದ್ದದ್ದು ಟಾರು ರೋಡಿನ ಮೇಲೆ, ಮಣ್ಣು ಪಕ್ಕದ ಚರಂಡಿಯದು. ಮಂತ್ರಕ್ಕೂ ವಿಳಾಸ ಸರಿ ಇರಬೇಕಲ್ಲ.

ಕೊನೆಗೆ ಅಕ್ಕ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಯಾರಾದರೂ ಗುರುತು ಹಿಡಿದಾರೆಂದು ಮುಖಕ್ಕೆ ಕರ್ಚೀಫು ಕಟ್ಟಿಕೊಂಡೆ. ಅದಕ್ಕೇ ಎಲ್ಲರೂ ನನ್ನನ್ನೇ ನೋಡಿದರು.

"ನೆನಪು ಫೋಟೋ ಅಲ್ಲಪ್ಪ," ಎಂದರು ಡಾಕ್ಟರಮ್ಮ. "ಹೊರಗೆ ತೆಗೆದಾಗ ಕೆಲವು ಸಲ ಮೆತ್ತಗಾಗುತ್ತೆ, ಆಮೇಲೆ ಮತ್ತೆ ಗಟ್ಟಿಯಾಗುತ್ತೆ. ಮೆತ್ತಗಿದ್ದಾಗ ನೀನು ಅಂದ್ಕೊಂಡಿದ್ದಕ್ಕೆ ಉಲ್ಟಾ ಏನಾದ್ರೂ ನಡೆದ್ರೆ ಅದೂ ಒಳಗೆ ಸೇರ್ಕೊಬಹುದು."

"ಸೇರ್ಕೊಬಹುದಾ, ಸೇರ್ಕೊಳುತ್ತಾ ಮೇಡಂ?"

"ಬಹುದು. ಇಲಿಗಳಲ್ಲಿ ನೋಡಿದಾರೆ. ಮನುಷ್ಯರಲ್ಲಿ ಇನ್ನೂ ವಾದ ನಡೀತಿದೆ."

"ಇಲಿ ಏಣಿ ಹತ್ತುತ್ತಾ ಮೇಡಂ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. ನನಗೆ ಅರ್ಥವಾದದ್ದು ಇಷ್ಟು: ನೆನಪು ಹಸಿ ಸಿಮೆಂಟಿನ ಹಾಗೆ. ಅಲ್ಲಿಯವರೆಗೂ ಅದರ ಮೇಲೆ ಓಡಾಡಿ ಗುರುತು ಬಿಟ್ಟ ನಾಯಿ ನಾನೇ. ಬಿದ್ದ ಜಾಗಕ್ಕೇ ಹೋಗಿ, ನಡೆದದ್ದನ್ನು ನಡೆದ ಹಾಗೆ ಹೇಳಿಕೊಂಡು ನಿಧಾನವಾಗಿ ಹತ್ತು, ಜೊತೆಗೆ ಒಬ್ಬರಿರಲಿ ಎಂದರು.

ಜೊತೆಗೆ ಅಂಗಡಿಯ ಗೆಳೆಯ ಮಂಜ ಬಂದ. ಛತ್ರದ ಮುಂದೆ ಅವನು ಏಣಿ ಹಿಡಿದ. ನಾನು ಕಣ್ಣು ಮುಚ್ಚಿ ಹಗ್ಗ, ಜಾರಿದ ಏಣಿ, ಕೈಯಲ್ಲಿ ಬಂದ ಶಬ್ದ ಎಲ್ಲ ಹೇಳಿಕೊಳ್ಳುತ್ತ ಎರಡು ಮೆಟ್ಟಿಲು ಹತ್ತಿದೆ. ಅಲ್ಲೇ ಏಣಿಯನ್ನು ತಬ್ಬಿಕೊಂಡೆ. ಅಷ್ಟರಲ್ಲಿ ಛತ್ರದ ಅಡುಗೆ ಭಟ್ಟರು ಕಾಫಿ ಲೋಟ ಹಿಡಿದು ಹೊರಗೆ ಬಂದರು.

"ಆವತ್ತು ಬಿದ್ದೋನು ನೀನೇ ತಾನೆ?"

"ಹೂಂ ಭಟ್ರೇ."

"ಪಾಪ ಅಂತ ಎತ್ತೋಕೆ ಓಡಿ ಬಂದ್ರೆ, 'ಭಟ್ರೇ, ನಾಳೆ ಕೊನೇ ಪಂಕ್ತಿಗೂ ಹೋಳಿಗೆ ಉಳಿಯುತ್ತಾ' ಅಂತ ಕೇಳ್ತೀಯಲ್ಲಯ್ಯ! ಕೈ ನೋಡಿದ್ರೆ ಸೊಟ್ಟಗೆ ನೇತಾಡ್ತಿದೆ!"

ಇದು ನನಗೆ ನೆನಪೇ ಇರಲಿಲ್ಲ. ಆದರೆ ಸುಳ್ಳಿರಲಾರದು; ಶಾಮಿಯಾನದವರು ಊಟಕ್ಕೆ ಕೂರುವುದೇ ಕೊನೆಯ ಪಂಕ್ತಿಗೆ, ಹೋಳಿಗೆ ಮುಗಿಯುವುದು ಅದಕ್ಕಿಂತ ಮುಂಚೆ. ಮಂಜ ನಕ್ಕ ನಗುವಿಗೆ ಏಣಿ ಅಲ್ಲಾಡಿತು.

"ಲೇ, ಏಣಿ ಹಿಡ್ಕೊಳೋ!"

"ಏಣಿ ಹಿಡ್ಕೊಂಡಿದೀನಿ ಮಚ್ಚಾ, ಹೊಟ್ಟೆ ಹಿಡ್ಕೊಳೋಕೆ ಯಾರೂ ಇಲ್ಲ!"

ಹೆದರಿಕೆ ಬರಬೇಕಾದ ಜಾಗದಲ್ಲಿ ನನಗೂ ನಗು ಬಂತು. ನಗುತ್ತಲೇ ಹತ್ತಿದೆ. ತುದಿಯಲ್ಲಿ ನಿಂತು ಕೆಳಗೆ ನೋಡಿದರೆ, ಬಗ್ಗಿದರೆ ಭಟ್ಟರ ಬೋಳುತಲೆ ಕೈಗೆ ಸಿಗುವಂತಿತ್ತು. ತೆಂಗಿನ ಮರ ಅಂತೆ!

ಆ ವರ್ಷ ಗಣಪತಿ ಪೆಂಡಾಲಿನ ತುದಿ ಕಟ್ಟಿದವನು ನಾನೇ. ನಾಗಣ್ಣ ಕೆಳಗಿನಿಂದ "ಬಿಗಿಯಾಗಿ ಎಳಿಯೋ" ಎಂದು ಬೈದರು. ಮೇಲೆ ಇರುವವನಿಗೆ ಬೈಯುವ ಬೈಗುಳ ಅದು, ಹಾಯೆನಿಸಿತು. ಭಯ ಪೂರಾ ಹೋಗಿದೆ ಎಂದು ಹೇಳಲಾರೆ. ಒಂದೊಂದು ದಿನ ಕಾಲು ಅದುರುತ್ತದೆ, ಅದರ ಹಿಂದೆಯೇ ಹೋಳಿಗೆಯೂ ಬರುತ್ತದೆ.

ಮೊನ್ನೆ ಇನ್ನೊಂದು ಮದುವೆಯಲ್ಲಿ ಭಟ್ಟರು ಸಿಕ್ಕರು. ನಾನು ಆವತ್ತು ಕೇಳಿದ್ದು ಚಿರೋಟಿ ಎಂದು ನಾಲ್ಕು ಜನರೆದುರು ಆಣೆ ಹಾಕಿ ಹೇಳಿದರು. ನಾನು ತಿದ್ದಲು ಹೋಗಲಿಲ್ಲ. ಬೀಳುವವನಿಗೆ ಎರಡೂ ಇದ್ದರೆ ನಷ್ಟವೇನು?