ಫ್ಲಾಸ್ಕಿನ ಬಿಸಿನೀರು

ಮೂರನೇ ಸಲ ಕೀ ತಿರುಗಿಸಿದಾಗಲೂ ಲಾರಿ ನರಳಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಕುವೈತಿನ ಮರುಭೂಮಿಯ ಅಂಚಿನ ಗೋದಾಮಿನಲ್ಲಿ ಆ ಮುಂಜಾವ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಹಿಂದೆ ಆಕ್ಸಿಜನ್ ಸಿಲಿಂಡರ್‌ಗಳು. ಜಾಬ್ರಿಯಾದ ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂದಾಗಿತ್ತು. ಉಳ್ಳಾಲದಲ್ಲಿ ಹತ್ತು ವರ್ಷ ಲಾರಿ ಓಡಿಸಿದ ನನಗೆ ಡೀಸೆಲ್ ಚಳಿಗೆ ಗಟ್ಟಿಯಾಗುತ್ತದೆಂದೇ ಗೊತ್ತಿರಲಿಲ್ಲ. ಮತ್ತೆ ಕೀಗೆ ಕೈ ಹಾಕಿದೆ.

"ಸಾಕು ಭಾಯಿ! ಇನ್ನೊಮ್ಮೆ ತಿರುಗಿಸಿದರೆ ಬ್ಯಾಟರಿ ಖಲಾಸ್!"

ಪಕ್ಕದ ಟ್ರೇಲರಿನ ಮುದಿ ಪಠಾಣ್ ಡ್ರೈವರ್ ಇಳಿದು ಬಂದರು. "ನಮ್ಮ ಕ್ವೆಟ್ಟಾದಲ್ಲಿ ಟ್ಯಾಂಕಿಯ ಕೆಳಗೆ ಬೆಂಕಿ ಹಾಕುತ್ತೇವೆ," ಎಂದವರು ಸಿಲಿಂಡರ್ ನೋಡಿ ಆ ಯೋಚನೆ ಬಿಟ್ಟರು. ಆಮೇಲೆ ತಮ್ಮ ಕ್ಯಾಬಿನ್‌ನಿಂದ ದೊಡ್ಡ ಫ್ಲಾಸ್ಕ್ ತಂದು ಡೀಸೆಲ್ ಫಿಲ್ಟರಿನ ಮೇಲೆ ಬಿಸಿನೀರನ್ನು ನಿಧಾನಕ್ಕೆ ಪೂರ್ತಿ ಸುರಿದರು. ನಾನು ಕೀ ತಿರುಗಿಸಿದೆ. ಇಂಜಿನ್ ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು.

ಗೇಟು ದಾಟುವಾಗ ಕನ್ನಡಿಯಲ್ಲಿ ಅವರು ಕಂಡರು. ಬೆಳಗಿನ ನಮಾಝಿಗೆ ವುಝೂ ಮಾಡಲು, ನಲ್ಲಿಯ ಕೊರೆಯುವ ನೀರಿನಲ್ಲಿ ನಡುಗುತ್ತಾ ಕೈಮುಖ ತೊಳೆಯುತ್ತಿದ್ದರು. ಆ ಬಿಸಿನೀರು ಯಾತಕ್ಕೆ ಇಟ್ಟದ್ದೆಂದು ಆಗ ಹೊಳೆಯಿತು.

ಸಿಲಿಂಡರ್‌ಗಳು ಹೊತ್ತಿಗೆ ಸರಿಯಾಗಿ ತಲುಪಿದವು. ಅವರ ಹೆಸರನ್ನೂ ಕೇಳದೆ ಬಂದಿದ್ದೆ. ಈಗ ಚಳಿಗಾಲದಲ್ಲಿ, ಯಾರ ಇಂಜಿನ್ನಿಗಾದರೂ ಬೇಕಾದೀತೆಂದು, ನನ್ನ ಲಾರಿಯಲ್ಲೂ ಒಂದು ಫ್ಲಾಸ್ಕ್ ಬಿಸಿನೀರು ಇರುತ್ತದೆ. ವುಝೂ ಮಾತ್ರ ತಣ್ಣೀರಿನಲ್ಲೇ ಮಾಡುತ್ತೇನೆ.