ತುಳಸಿ ಬಿದ್ದ ನೀರು

ನಾನು ಅಕ್ಷರ ಕಲಿತದ್ದು ಸೊಸೆ ಬಂದ ಮೇಲೆ, ಸಂಜೆಯ ಸಾಕ್ಷರತಾ ಕ್ಲಾಸಿನಲ್ಲಿ. ಬರೆಯುವುದು ಈಗಲೂ ಕಷ್ಟವೇ. ಆದರೆ ಇದನ್ನು ಬೇರೆಯವರ ಕೈಯಲ್ಲಿ ಬರೆಸುವುದು ಸರಿಯಲ್ಲ. ಸುಳ್ಳು ಹೇಳಿದವಳು ನಾನು, ಬರೆಯಬೇಕಾದವಳೂ ನಾನೇ.

ತೋಡೂರಿಗೆ ಬರುವ ಮೊದಲು ನಾವು ಸಮುದ್ರದ ದಂಡೆಯ ಒಂದು ಹಳ್ಳಿಯಲ್ಲಿದ್ದೆವು. ಆ ಹಳ್ಳಿ ಈಗ ನೌಕಾನೆಲೆಯ ಗೋಡೆಯೊಳಗೆ ಹೋಗಿದೆ. ಅಲ್ಲಿ ನಮ್ಮ ಹಿತ್ತಿಲಿಗೆ ತಾಗಿ ಒಂದು ಕ್ರಿಶ್ಚಿಯನ್ ಮನೆ ಇತ್ತು. ಆ ಮನೆಯ ಸೊಸೆಯನ್ನು ನಾನು ಬಾಯಿ, ಅಂದರೆ ಕೊಂಕಣಿಯಲ್ಲಿ ಅಕ್ಕ, ಎಂದು ಕರೆಯುತ್ತಿದ್ದೆ. ನನಗಿಂತ ಎರಡು ವರ್ಷ ದೊಡ್ಡವಳು. ನಾವು ಮೀನು ಹಂಚಿಕೊಂಡು ತಿಂದವರು, ಜಗಳವನ್ನೂ ಬೇಕಾದಷ್ಟು ಆಡಿದವರು.

ಅವಳ ಮೊದಲ ಹೆರಿಗೆ ಮಳೆಗಾಲದ ಒಂದು ಮಧ್ಯಾಹ್ನ. ಹಳ್ಳ ತುಂಬಿ ಸೂಲಗಿತ್ತಿ ಬರಲಾಗಲಿಲ್ಲ. ಬಾಯಿಯ ಅತ್ತೆ ಸೂಲಗಿತ್ತಿಯನ್ನು ಹುಡುಕಿಕೊಂಡು ಹೋಗಿದ್ದಳು. ಬಾಯಿಯ ಹತ್ತಿರ ನಾನೊಬ್ಬಳೇ. ನೋವಿನ ನಡುವೆ ಬಾಯಿ ನನ್ನ ಕೈ ಹಿಡಿದು ಹೇಳಿಕೊಟ್ಟಳು: ಮಗು ಉಳಿಯುವ ಹಾಗೆ ಕಾಣದಿದ್ದರೆ ತಲೆಗೆ ನೀರು ಹೊಯ್ಯಬೇಕು, ತಂದೆ, ಮಗ, ಪವಿತ್ರಾತ್ಮ ಈ ಮೂವರ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎನ್ನಬೇಕು. ಇಲ್ಲದಿದ್ದರೆ ಮಗು ಸ್ವರ್ಗಕ್ಕೆ ಹೋಗುವುದಿಲ್ಲ ಎಂದಳು. ನಾನು ಹೂಂ ಎಂದೆ.

ಹೆಣ್ಣು ಮಗು. ಅಳಲಿಲ್ಲ. ಬಾಯಿಗೆ ಎಚ್ಚರ ತಪ್ಪಿತ್ತು. ಮಗುವಿನ ಮೈ ನೀಲಿಯಾಗುತ್ತಿದ್ದುದನ್ನು ನೋಡಿ ನಾನು ನಮ್ಮ ಮನೆಗೆ ಓಡಿ ಚೊಂಬಿನಲ್ಲಿ ನೀರು ತಂದೆ. ಬರುವ ದಾರಿಯಲ್ಲಿ ಅಂಗಳದ ತುಳಸಿ ಕಿತ್ತು ಅದರಲ್ಲಿ ಹಾಕಿದ್ದೆ. ಹಾಕಬೇಕೆಂದು ಹಾಕಿದ್ದಲ್ಲ. ಸಾಯುವವರ ಬಾಯಿಗೆ ತುಳಸಿ ನೀರು ಬಿಡುವುದು ನಮ್ಮಲ್ಲಿ ರೂಢಿ, ಕೈ ತಾನಾಗಿ ಹೋಯಿತು. ಮಗುವಿನ ತುಟಿಗೆ ಒಂದು ಹನಿ ಬಿಟ್ಟೆ. ಉಳಿದದ್ದನ್ನು ತಲೆಗೆ ಹೊಯ್ದು ಬಾಯಿ ಹೇಳಿಕೊಟ್ಟ ಮಾತು ಹೇಳಿದೆ. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಅತ್ತೆ ಒಳಗೆ ಬಂದವಳೇ ನೀರು ಬಿತ್ತೇ ಎಂದು ಕೇಳಿದಳು. ಮಗುವಿನ ಹಣೆಗೆ ತುಳಸಿ ಎಲೆ ಅಂಟಿಕೊಂಡಿತ್ತು. ಅದನ್ನು ತೆಗೆದು ಮುಷ್ಟಿಯೊಳಗೆ ಇಟ್ಟುಕೊಂಡೆ. ಅವರ ದೇವರ ಕೆಲಸದಲ್ಲಿ ನಮ್ಮ ದೇವರ ಎಲೆ ಬೆರೆಸಿ ಎಲ್ಲ ಕೆಡಿಸಿದೆ, ಗೊತ್ತಾದರೆ ಊರೆಲ್ಲ ರಂಪವಾಗುತ್ತದೆ ಎಂದು ಹೆದರಿದೆ. ಹೊತ್ತು ಸಿಗಲಿಲ್ಲ, ಹೊಯ್ಯಲಿಲ್ಲ ಎಂದುಬಿಟ್ಟೆ.

ನೀರು ಬೀಳದ ಮಗುವೆಂದು, ಆಗಿನ ಕಟ್ಟಳೆ ಪ್ರಕಾರ ಅದನ್ನು ಅವರ ಸ್ಮಶಾನದ ಗೋಡೆಯ ಹೊರಗೆ, ಒಂದು ಹೊನ್ನೆ ಮರದ ಬುಡದಲ್ಲಿ ಹುಗಿದರು. ಹೆಸರೂ ಇಡಲಿಲ್ಲ. ಬಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಎಷ್ಟೋ ವರ್ಷದ ಮೇಲೆ ನೌಕಾನೆಲೆಗಾಗಿ ಊರು ಎಬ್ಬಿಸಿದಾಗ ನಮಗೆ ತೋಡೂರಿನಲ್ಲಿ ಜಾಗ ಸಿಕ್ಕಿತು. ಬಾಯಿ ಆಮೇಲೆ ಹುಟ್ಟಿದ ಮಗಳ ಅಂಕೋಲೆಯ ಮನೆ ಸೇರಿದಳು. ನಾನು ತಿಂಗಳಿಗೊಮ್ಮೆ ಹರಿವೆ ಸೊಪ್ಪಿನ ಕಟ್ಟು ಹಿಡಿದು ಹೋಗುತ್ತಿದ್ದೆ. ಬಸ್ಸು ನೌಕಾನೆಲೆಯ ಗೋಡೆಯ ಪಕ್ಕದಲ್ಲೇ ಹೋಗುತ್ತದೆ. ನಾನು ಯಾವಾಗಲೂ ಗುಡ್ಡದ ಕಡೆಯ ಸೀಟು ಹಿಡಿಯುತ್ತಿದ್ದೆ.

ನಾಲ್ಕಾರು ವರ್ಷ ಕಳೆದು ಅವಳಿಗೆ ಹೊಟ್ಟೆಯ ಕಾಯಿಲೆ ಬಂತು. ಕಾರವಾರದ ದೊಡ್ಡ ಆಸ್ಪತ್ರೆಯಲ್ಲಿ ನೋಡಿ ಮನೆಗೆ ಕರೆದುಕೊಂಡು ಹೋಗಿ ಎಂದರು. ಅವರಲ್ಲಿ ಸಾಯುವ ಮೊದಲು ಪಾದ್ರಿ ಬಂದು ತಪ್ಪೊಪ್ಪಿಗೆ ಕೇಳಿ ಎಣ್ಣೆ ಹಚ್ಚುತ್ತಾರೆ. ಬಾಯಿ ಎರಡು ಸಲ ಪಾದ್ರಿಯನ್ನು ಹಾಗೇ ಕಳಿಸಿದಳು. ಮಗಳು ನನಗೆ ಫೋನು ಮಾಡಿಸಿ, ಚಿಕ್ಕಮ್ಮ, ನಿಮ್ಮ ಮಾತಾದರೂ ಕೇಳಬಹುದು ಎಂದಳು.

ಹೋದೆ. ಪಾದ್ರಿ ಮೂರನೇ ಸಲ ಬಂದು ಜಗಲಿಯಲ್ಲಿ ಕೂತಿದ್ದರು. ಬಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಆ ಕೂಸು ಇಲ್ಲದ ಸ್ವರ್ಗ ನಂಗೆ ಬೇಡ ಮಾರಾಯ್ತಿ" ಎಂದಳು. "ಅದು ಎಲ್ಲಿದೆಯೋ ಅಲ್ಲೇ ಹೋಗ್ತೆ."

ಈ ಹೊಸ ಪಾದ್ರಿ ಅವಳಿಗೆ ಆಗಲೇ ಸಮಾಧಾನ ಹೇಳಿದ್ದರಂತೆ. ಜ್ಞಾನಸ್ನಾನವಾಗದ ಮಕ್ಕಳನ್ನೂ ದೇವರು ಕೈ ಬಿಡುವುದಿಲ್ಲ ಎಂದು ನಂಬಬಹುದು ಎಂದಿದ್ದರಂತೆ. ನಂಬಬಹುದು ಎಂಬ ಮಾತು ಅವಳಿಗೆ ಸಾಲದು. ಚಿಕ್ಕವಳಿದ್ದಾಗ ಕಲಿತದ್ದೇ ಅವಳ ತಲೆಯಲ್ಲಿ ಗಟ್ಟಿ.

ನಾನು ಪಾದ್ರಿಯನ್ನು ಒಳಗೆ ಕರೆದು ಇಬ್ಬರೆದುರಿಗೂ ಅಂದು ನೀರು ಹೊಯ್ದದ್ದನ್ನು ಹೇಳಿದೆ, ತುಳಸಿ ಸಮೇತ. ಮೊದಲು ಬೈಗುಳ ಬರಲಿ, ಆಮೇಲೆ ಕೂರೋಣ ಎಂದು ನಿಂತೇ ಇದ್ದೆ.

ಪಾದ್ರಿ ಬೈಯಲಿಲ್ಲ. ವಕೀಲರ ಹಾಗೆ ಒಂದೊಂದೇ ಕೇಳಿದರು. ನೀರು ಹೊಯ್ಯುವಾಗ ಜೀವ ಇತ್ತೇ? ಇತ್ತು. ತಲೆಯ ಮೇಲೆ ಹರಿಯಿತೇ? ಕಿವಿಯವರೆಗೆ ಹರಿಯಿತು. ಹೇಳಿದ ಮಾತು ಏನು? ಕೊಂಕಣಿಯಲ್ಲೇ ಹೇಳಿದೆ. ಏನೆಂದುಕೊಂಡು ಹೊಯ್ದಿರಿ? ಅವಳು ಹೇಳಿದ್ದು ಆಗಲಿ ಎಂದು ಹೊಯ್ದೆ, ಮತ್ತೇನು.

"ತುರ್ತಿನಲ್ಲಿ ಯಾರು ಕೊಟ್ಟರೂ ಆಗುತ್ತದೆ ಅಮ್ಮ, ಕ್ರೈಸ್ತರೇ ಆಗಬೇಕೆಂದಿಲ್ಲ. ಎಲೆ ಬಿದ್ದರೂ ನೀರು ನೀರೇ" ಎಂದರು. ಮತ್ತೆ ಬಾಯಿಯ ಕಡೆ ತಿರುಗಿ, "ನಿಮ್ಮ ಮಗುವಿಗೆ ಜ್ಞಾನಸ್ನಾನವಾಗಿದೆ" ಎಂದರು.

ಬಾಯಿ ನನ್ನತ್ತ ತಿರುಗಿದಳು.

"ಮೂವತ್ತು ವರ್ಷ ನನ್ನ ಕೈಯ ಮೀನಿನ ಸಾರು ತಿಂದ್ಯಲ್ಲೇ, ಇದೊಂದು ಹೇಳೂಕೆ ಬಾಯಿ ಬರ್ಲಿಲ್ವೇ ನಿಂಗೆ?"

"ಬರ್ಲಿಲ್ಲ" ಎಂದೆ.

"ಮೇಲೆ ಬಾ, ಅಲ್ಲಿ ನೋಡ್ಕೊಳ್ತೆ."

"ನನ್ನನ್ನು ಅಲ್ಲಿ ಒಳಗೆ ಬಿಟ್ರೆ ಅಲ್ವೇ?"

"ನಾನು ಹೇಳಿ ಬಿಡಿಸ್ತೆ. ಬೈಯೂದು ಬಾಕಿ ಇದೆ."

ಪಾದ್ರಿ ನಕ್ಕರು. ನನ್ನನ್ನು ಹೊರಗೆ ಕಳಿಸಿದರು. ಅವಳ ತಪ್ಪೊಪ್ಪಿಗೆ ಆಯಿತು, ಎಣ್ಣೆಯೂ ಆಯಿತು. ಅಂದು ಸಂಜೆ ಮಗುವಿಗೆ ಒಂದು ಹೆಸರು ಇಟ್ಟಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರದು. ಒಂಬತ್ತು ದಿನಕ್ಕೆ ತೀರಿಕೊಂಡಳು. ಹೆದರಿಕೆ ಇರಲಿಲ್ಲ ಎಂದು ಮಗಳು ಹೇಳಿದಳು.

ಸತ್ತ ಮೇಲೆ ಏನು ಎಂದು ನನಗೆ ಗೊತ್ತಿಲ್ಲ. ನಮ್ಮವರು ಕಾಗೆಗೆ ಅನ್ನ ಇಡುತ್ತಾರೆ, ನನಗೂ ಇಟ್ಟಾರು. ಆದರೆ ಬೈಯಲು ಒಬ್ಬಳು ಕಾಯುತ್ತಿದ್ದಾಳೆ ಎಂಬುದು ಕೆಟ್ಟ ವಿಚಾರವೇನಲ್ಲ. ಅವಳು ಸಾಯುವ ಮೊದಲು ನನ್ನ ಬಾಯಿ ಬಿಡಿಸಿದ್ದು ಯಾವ ದೇವರೋ, ಆ ದೇವರಿಗೆ ನನ್ನ ಉಪಕಾರ ಸ್ಮರಣೆ ಇದೆ. ಬೈಯದ ಪಾದ್ರಿಗೂ ಇದೆ.

ನವೆಂಬರ್ ಎರಡಕ್ಕೆ ಅವರು ಸತ್ತವರ ಸಮಾಧಿಗೆ ಮೇಣದಬತ್ತಿ ಹಚ್ಚುತ್ತಾರೆ. ಆ ವರ್ಷ ನಾನೂ ಅಂಕೋಲೆಗೆ ಹೊರಟೆ. ಮಗಳು ತಾಯಿಯ ಶಿಲುಬೆಯ ಮೇಲೆ ಮಗುವಿನ ಹೆಸರನ್ನೂ ಬರೆಸಿದ್ದಾಳೆ. ಚೀಲದಲ್ಲಿ ಎರಡು ಮೇಣದಬತ್ತಿ ಇದ್ದವು. ತೋಡೂರಿನಲ್ಲಿ ಬಸ್ಸು ಹತ್ತಿದವಳು ಸಮುದ್ರದ ಕಡೆಯ ಸೀಟಿನಲ್ಲಿ ಕೂತೆ. ನೌಕಾನೆಲೆಯ ಗೋಡೆಯ ಆಚೆ ಆ ಹೊನ್ನೆ ಮರ ಇದೆಯೋ ಕಡಿದರೋ, ರಸ್ತೆಯಿಂದ ಕಾಣುವುದಿಲ್ಲ. ಗೋಡೆ ಮುಗಿಯುವವರೆಗೂ ಅತ್ತಲೇ ನೋಡಿದೆ.